ಹಡಗಿನಲ್ಲಿ ಚಿನ್ನ ಹೋಗಲಿಲ್ಲ, ಹುಂಡಿ ಬಂತು

ಬ್ರಿಟಿಷರು ಭಾರತದ ಸಂಪತ್ತನ್ನು ಒಯ್ದರು ಎಂದೊಡನೆ ಚಿನ್ನದ ಪೆಟ್ಟಿಗೆಗಳನ್ನು ತುಂಬಿಕೊಂಡು ಹೊರಟ ಹಡಗುಗಳು ಕಣ್ಣಿಗೆ ಕಟ್ಟುತ್ತವೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದ ಲೂಟಿಯಂಥವು ಸುಳ್ಳಲ್ಲ. ಆದರೆ ಲೂಟಿ ಒಮ್ಮೆ ನಡೆದು ಮುಗಿಯುವಂಥದ್ದು. ವರ್ಷವರ್ಷವೂ ರಸೀದಿ ಸಮೇತ ಸಾಗಿದ ವ್ಯವಹಾರ ಬೇರೆಯೇ ಇತ್ತು, ನನ್ನ ಮಟ್ಟಿಗೆ ಅದು ಹೆಚ್ಚು ಕುತೂಹಲಕರ.

1858ರ ನಂತರದ ದಶಕಗಳಲ್ಲಿ ಭಾರತದ ರಫ್ತು ಆಮದನ್ನು ಮೀರಿಸುತ್ತಲೇ ಇತ್ತು. ಹತ್ತಿ, ಸೆಣಬು, ಅಫೀಮು, ಅಕ್ಕಿ, ಚಹಾ ಹೊರಗೆ ಹೋದಷ್ಟು ಬೆಲೆಯ ಸರಕು ಒಳಗೆ ಬರಲಿಲ್ಲ. ಒಂದಿಷ್ಟು ಬೆಳ್ಳಿ, ಚಿನ್ನ ಬಂದರೂ ಲೆಕ್ಕ ಸರಿಹೋಗುವಷ್ಟು ಬರಲಿಲ್ಲ. ಉಳಿದ ಹಣ ಎಲ್ಲಿಗೆ ಹೋಯಿತು?

ಇದಕ್ಕೆ ಉತ್ತರ ಕೌನ್ಸಿಲ್ ಬಿಲ್ ಎಂಬ ಹುಂಡಿಯಲ್ಲಿ, ಅಂದರೆ ಒಂದೂರಲ್ಲಿ ಹಣ ಕಟ್ಟಿ ಇನ್ನೊಂದೂರಲ್ಲಿ ಪಡೆಯುವ ಪತ್ರದಲ್ಲಿದೆ. ಧಾರವಾಡದ ಹತ್ತಿಯನ್ನು ಕೊಳ್ಳಬೇಕಾದ ಇಂಗ್ಲೆಂಡಿನ ವ್ಯಾಪಾರಿಗೆ ರೂಪಾಯಿ ಬೇಕಿತ್ತು. ಲಂಡನ್ನಿನಲ್ಲಿದ್ದ ಭಾರತ ಮಂತ್ರಿ, ಅಂದರೆ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸಚಿವ, ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲಕ ಈ ಹುಂಡಿಗಳನ್ನು ಮಾರುತ್ತಿದ್ದ. ಪೌಂಡು ಕೊಟ್ಟು ಕೊಂಡ ಹುಂಡಿಯನ್ನು ಮುಂಬಯಿಗೋ ಕಲ್ಕತ್ತೆಗೋ ಕಳುಹಿಸಿದರೆ ಅಲ್ಲಿನ ಸರ್ಕಾರಿ ಖಜಾನೆ ರೂಪಾಯಿ ಎಣಿಸಿಕೊಡುತ್ತಿತ್ತು. ಆ ರೂಪಾಯಿ ರೈತರು ಕಟ್ಟಿದ ಕಂದಾಯವೇ. ಊರಿನ ಸಾಹುಕಾರ ನಿಮ್ಮಿಂದ ಗುತ್ತಿಗೆ ಹಣ ವಸೂಲಿ ಮಾಡಿ, ಅದೇ ಹಣದಿಂದ ನಿಮ್ಮ ಜೋಳ ಕೊಂಡು, ಜೋಳವನ್ನು ಪೇಟೆಯಲ್ಲಿ ಮಾರಿ ಬಂದದ್ದನ್ನು ಜೇಬಿಗಿಳಿಸಿದಂತೆ. ಬೆಳೆದವನ ಕೈಗೆ ಬೆಲೆ ಬಂತು, ವರ್ತಕ ನ್ಯಾಯವಾಗಿಯೇ ಹಣ ತೆತ್ತ, ಯಾರೂ ಕಳ್ಳರಲ್ಲ. ಆದರೂ ರಫ್ತು ಗಳಿಸಿದ ಪೌಂಡು ಲಂಡನ್ ಬಿಟ್ಟು ಕದಲಲೇ ಇಲ್ಲ.

ಆ ಪೌಂಡು ‘ಹೋಂ ಚಾರ್ಜಸ್’ ಎಂಬ ಖಾತೆಗೆ ಹೋಗುತ್ತಿತ್ತು: ನಿವೃತ್ತ ಅಧಿಕಾರಿಗಳ ಪಿಂಚಣಿ, ಸೈನ್ಯದ ವೆಚ್ಚ, ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಖಾತರಿಪಡಿಸಿದ್ದ ಲಾಭ. 1919ರ ಕಾಯ್ದೆ ಬರುವವರೆಗೆ ಭಾರತ ಮಂತ್ರಿಯ ಸಂಬಳವನ್ನೂ ಭಾರತವೇ ಭರಿಸುತ್ತಿತ್ತು. 1900ರ ಹೊತ್ತಿಗೆ ಈ ಖಾತೆ ವರ್ಷಕ್ಕೆ ಸುಮಾರು 1.7 ಕೋಟಿ ಪೌಂಡಿನಷ್ಟಾಗಿತ್ತು. ರೈಲ್ವೆ ಸಾಲದ ಬಡ್ಡಿಯನ್ನು ಸುಲಿಗೆಯೆನ್ನಬಹುದೇ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ವಾದಿಸುತ್ತಾರೆ. ಹಳಿಗಳಂತೂ ಇಲ್ಲಿಯೇ ಉಳಿದವು. ಆದರೆ ಬಡ್ಡಿಯ ದರವನ್ನೂ ಖಾತರಿಯನ್ನೂ ನಿಗದಿಮಾಡುವಾಗ ಸಾಲ ತೀರಿಸುವವರನ್ನು ಯಾರೂ ಕೇಳಲಿಲ್ಲ. 1867ರಲ್ಲಿಯೇ ಲಂಡನ್ನಿನಲ್ಲಿ ದಾದಾಭಾಯಿ ನವರೋಜಿ ಎತ್ತಿದ ತಕರಾರಿನ ತಿರುಳು ಇದಕ್ಕೆ ಹತ್ತಿರದ್ದು.

ಈ ಯಂತ್ರ ಒಮ್ಮೆ ಮಾತ್ರ ಜೋರಾಗಿ ಕಿರುಗುಟ್ಟಿತು. ಜರ್ಮನಿ ಮೊದಲಾದ ದೇಶಗಳು ಚಿನ್ನದ ನಾಣ್ಯಪದ್ಧತಿಗೆ ತಿರುಗಿದ ಮೇಲೆ ಬೆಳ್ಳಿಯ ಬೆಲೆ ಕುಸಿಯಿತು; 1870ರ ದಶಕದ ಆರಂಭದಲ್ಲಿ ಎರಡು ಶಿಲ್ಲಿಂಗಿನ (24 ಪೆನ್ಸ್) ಆಸುಪಾಸಿನಲ್ಲಿದ್ದ ಬೆಳ್ಳಿಯ ರೂಪಾಯಿ 1893ರ ಹೊತ್ತಿಗೆ ಸುಮಾರು 15 ಪೆನ್ಸಿಗೆ ಇಳಿಯಿತು. ಹತ್ತು ಚಿಲ್ಲರೆ ರೂಪಾಯಿಗೆ ತೀರುತ್ತಿದ್ದ ಒಂದು ಪೌಂಡಿನ (240 ಪೆನ್ಸ್) ಬಾಕಿಗೆ ಈಗ ಹದಿನಾರು ರೂಪಾಯಿ ಕಂದಾಯ ಬೇಕಾಯಿತು. ಸರ್ಕಾರ 1893ರಲ್ಲಿ ಬೆಳ್ಳಿ ಕೊಟ್ಟು ನಾಣ್ಯ ಮಾಡಿಸಿಕೊಳ್ಳುವ ಸಾರ್ವಜನಿಕರಿಗೆ ಟಂಕಸಾಲೆಗಳನ್ನು ಮುಚ್ಚಿ, ರೂಪಾಯಿಯನ್ನು ವಿರಳವಾಗಿಸಿ, ಕೆಲವು ವರ್ಷಗಳಲ್ಲಿ 16 ಪೆನ್ಸಿನ ದರಕ್ಕೆ ಏರಿಸಿ ನಿಲ್ಲಿಸಿತು. ಹೋಂ ಚಾರ್ಜಸ್ ಲೆಕ್ಕ ಸಲೀಸಾಯಿತು. ಆದರೆ ಅದುವರೆಗೆ ಬೆಳ್ಳಿಯೂ ರೂಪಾಯಿಯೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಸಮವಾಗಿದ್ದವು. ಇನ್ನು ಮುಂದೆ ಕಡಗ, ಡಾಬುಗಳ ಬೆಳ್ಳಿಗೆ ಅಷ್ಟೇ ತೂಕದ ರೂಪಾಯಿ ಸಿಗದಾಯಿತು. ಟಂಕಸಾಲೆ ಮುಚ್ಚಿದ ಮೂರೇ ವರ್ಷಕ್ಕೆ, 1896ರಲ್ಲಿ, ಬರಗಾಲ ಬಂದು ರೈತರು ಒಡವೆ ಮಾರಲು ಹೊರಟರು.