ಎಚ್ಚರ ತಪ್ಪೋದು ಅಂದ್ರೆ ಏನು ತಪ್ಪೋದು?

ಹಾಸನಾಂಬೆ ಬಾಗಿಲು ತೆಗೆದ ವಾರ. ಬೆಳಿಗ್ಗೆಯಿಂದ ಉಪವಾಸ ಸಾಲಿನಲ್ಲಿ ನಿಂತಿದ್ದ ನಮ್ಮ ಚಿಕ್ಕಮ್ಮ "ಯಾಕೋ ಕಣ್ಣು ಕತ್ತಲೆ ಬರ್ತಿದೆ ಕಣೋ" ಅಂದವರೇ ಕುಸಿದರು. ಬಿದ್ದ ಮೇಲೆ ಕೈಕಾಲು ಎರಡು ಸಲ ಅದುರಿತು, ಅಷ್ಟೇ ಸಾಕಾಯ್ತು, ಯಾರೋ "ಮೂರ್ಛೆ ರೋಗ" ಅಂದರು, ಯಾರೋ ಕೈಗೆ ಬೀಗದ ಕೈ ತುರುಕಿದರು, ಇನ್ನೊಬ್ಬರು ಎತ್ತಿ ಕೂರಿಸೋಕೆ ನೋಡಿದರು. ಅಷ್ಟರಲ್ಲಿ ಅವರೇ ಕಣ್ಣು ಬಿಟ್ಟು "ಸಾಲು ಮುಂದೆ ಹೋಯ್ತಾ?" ಅಂದರು.

ಆಗಿದ್ದು ಇಷ್ಟೇ. ಬಹಳ ಹೊತ್ತು ನಿಂತರೆ ರಕ್ತ ಕಾಲಿನ ಕಡೆ ಇಳಿಯುತ್ತದೆ. ಕೆಲವರಲ್ಲಿ ಆಗ ವೇಗಸ್ ಅನ್ನೋ ನರ ಎಡವಟ್ಟು ಮಾಡಿ ಗುಂಡಿಗೆಯ ಬಡಿತ ನಿಧಾನ ಮಾಡುತ್ತದೆ, ರಕ್ತನಾಳಗಳೂ ಸಡಿಲವಾಗುತ್ತವೆ, ಬಿಪಿ ಕುಸಿಯುತ್ತದೆ. ಮಿದುಳಿನ ತೂಕ ದೇಹದ ಶೇ. 2ರಷ್ಟು, ಆದರೆ ಅದಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇ. 20. ಏಳೆಂಟು ಸೆಕೆಂಡ್ ರಕ್ತ ಬರದಿದ್ದರೆ ಅದು ಕೈ ಚೆಲ್ಲುತ್ತದೆ. ಮಜಾ ಏನಂದ್ರೆ ಬೀಳೋದೇ ಇದಕ್ಕೆ ಮದ್ದು, ಮಲಗಿದರೆ ರಕ್ತ ಸಲೀಸಾಗಿ ತಲೆಗೆ ಹರಿಯುತ್ತದೆ. ಎತ್ತಿ ಕೂರಿಸಿದರೆ ಆ ಮದ್ದನ್ನೇ ಕಿತ್ತುಕೊಂಡ ಹಾಗೆ. ಅಂಗಾತ ಮಲಗಿಸಿ ಕಾಲು ಮೇಲೆತ್ತಿ, ಬಾಯಿಗೆ ನೀರು ಹಾಕಬೇಡಿ. ಅದುರಿದ್ದೆಲ್ಲ ಫಿಟ್ಸ್ ಅಲ್ಲ. ಬೀಗದ ಕೈಗೆ ಫಿಟ್ಸ್‌ನಲ್ಲೂ ಕೆಲಸವಿಲ್ಲ, ಬಿಡಿ.

ತಲೆಗೆ ಪೆಟ್ಟು ಬಿದ್ದವರ ಕಥೆ ಬೇರೆ, ಅವರು ಮಲಗಿಸಿದ ತಕ್ಷಣ ಏಳಲ್ಲ. ಅಲ್ಲಿ ಎಚ್ಚರ ಎಷ್ಟಿದೆ ಅಂತ ಡಾಕ್ಟರು ಅಂಕ ಹಾಕುತ್ತಾರೆ. ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಕೊಟ್ಟ ಗ್ಲಾಸ್ಗೋ ಕೋಮಾ ಸ್ಕೇಲ್ ಇದು. ಕಣ್ಣು ಬಿಡೋದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೋಮಾ. ಏನೂ ಮಾಡದಿದ್ದರೂ ಒಂದೊಂದಕ್ಕೆ 1ರಂತೆ 3 ಸಿಗುತ್ತದೆ, ಸೊನ್ನೆ ಅನ್ನೋದೇ ಇಲ್ಲ!

ಆದರೆ ಇದು ಅಳೆಯೋದು ಸ್ಪಂದನೆಯನ್ನ. ಒಳಗೆ ಅರಿವು ಇದೆಯೋ ಇಲ್ಲವೋ ಹೇಗೆ ಹೇಳೋದು? 2006ರಲ್ಲಿ ಮಿದುಳು ವಿಜ್ಞಾನಿ ಏಡ್ರಿಯನ್ ಓವನ್ ತಂಡ, ಅಪಘಾತವಾಗಿ ತಿಂಗಳುಗಟ್ಟಲೆ ಸ್ಪಂದಿಸದೆ ಮಲಗಿದ್ದ 23 ವರ್ಷದ ಹೆಣ್ಣುಮಗಳನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ "ಟೆನಿಸ್ ಆಡ್ತಿದ್ದೀನಿ ಅಂತ ಕಲ್ಪಿಸಿಕೋ" ಅಂದಿತು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅವಳಲ್ಲೂ ಅದೇ ಚುರುಕಾಯಿತು. ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮನಶ್ಶಾಸ್ತ್ರದವರ 'ಅಪ್ರಜ್ಞೆ' ಇದರ ಉಲ್ಟಾ, ಅಲ್ಲಿ ಯಾರೂ ಬೀಳಲ್ಲ. ಫ್ರಾಯ್ಡ್ ಅದನ್ನ ಬಚ್ಚಿಟ್ಟ ಆಸೆಗಳ ಉಗ್ರಾಣ ಅಂದುಕೊಂಡ. ಈಗಿನವರು ಜಾಸ್ತಿ ಮಾತಾಡೋದು ನಮ್ಮ ಗಮನಕ್ಕೇ ಬಾರದೆ ಮಿದುಳು ಮುಗಿಸಿಬಿಡುವ ಕೆಲಸಗಳ ಬಗ್ಗೆ. ಆವತ್ತು ಸಂಜೆ ಚಿಕ್ಕಮ್ಮನನ್ನ ಸ್ಕೂಟರ್ ಹಿಂದೆ ಕೂರಿಸಿಕೊಂಡು ಬೇಲೂರಿಗೆ ಹೊರಟೆ, ತಲೆ ತುಂಬಾ ಅವರು ಬಿದ್ದದ್ದೇ. ಹಳ್ಳ ತಪ್ಪಿಸಿದ್ದೀನಿ, ಬಸ್ಸಿಗೆ ದಾರಿ ಬಿಟ್ಟಿದ್ದೀನಿ. "ಹಗರೆಯಲ್ಲಿ ಟೀ ಕುಡಿಯೋಣ ಅಂದಿದ್ದೆ, ಆಗಲೇ ದಾಟಿ ಬಂದ್ಯಲ್ಲೋ" ಅಂತ ಚಿಕ್ಕಮ್ಮ ಭುಜ ತಟ್ಟಿದಾಗಲೇ ಗೊತ್ತಾಗಿದ್ದು.