ಸರಾಸರಿ ಪಿಚರ್‌ಗೆ ಕೋಟಿಗಟ್ಟಲೆ ಡಾಲರ್: ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ

ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದು ನವೆಂಬರ್ ಕಾಲಿಟ್ಟೊಡನೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರರ ಮಾರುಕಟ್ಟೆ ತೆರೆದುಕೊಳ್ಳುತ್ತದೆ. ಆರು ವರ್ಷಗಳ ಸೇವೆ ಪೂರೈಸಿ ಒಪ್ಪಂದ ಮುಗಿಸಿಕೊಂಡ ಆಟಗಾರ ತನಗೆ ಬೇಕಾದ ತಂಡದೊಂದಿಗೆ ಮಾತುಕತೆ ನಡೆಸಬಹುದು. 2019ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಗೆರಿಟ್ ಕೋಲ್‌ಗೆ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟಾಗ ಹೆಚ್ಚಿನವರಿಗೆ ಅದು ಅಸಹಜವಾಗಿ ಕಾಣಲಿಲ್ಲ, ಏಕೆಂದರೆ ಕೋಲ್ ಆಗ ತನ್ನ ಕಸುಬಿನ ಶಿಖರದಲ್ಲಿದ್ದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ. ನಿಜವಾದ ಅಸಮಾಧಾನ ಕೇಳಿಬರುವುದು, ತನ್ನ ಹೆಸರಿಗೆ ದಾಖಲಾದ ಗೆಲುವು ಸೋಲುಗಳು ಹೆಚ್ಚುಕಡಿಮೆ ಸಮವಾಗಿರುವ, ಯಾವ ಪ್ರಶಸ್ತಿಯ ಪಟ್ಟಿಯಲ್ಲೂ ಕಾಣಿಸಿಕೊಳ್ಳದ ಪಿಚರ್‌ನೊಬ್ಬ ಐದಾರು ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದಾಗ. ಆಟಗಾರರ ಒಪ್ಪಂದಗಳ ಬೆಲೆ ಕಟ್ಟುವ ಕೆಲಸದಲ್ಲಿರುವ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆಯೂ ಅದೇ: ಇಷ್ಟು ಹಣಕ್ಕೆ ಇಂಥವನು ಯೋಗ್ಯನೇ? ಮೊದಲ ಎರಡು ವರ್ಷಗಳ ಮಟ್ಟಿಗೆ ಬಹುಪಾಲು ಯೋಗ್ಯನೇ, ನಾಲ್ಕನೇ ಮತ್ತು ಐದನೇ ವರ್ಷಗಳ ಮಟ್ಟಿಗೆ ಬಹುಪಾಲು ಅಲ್ಲ ಎಂಬುದು ನನ್ನ ಉತ್ತರ.

ಮೊದಲು ಬೆಲೆಯ ಮೂಲವನ್ನು ನೋಡೋಣ. ಒಂದು ತಂಡ ಋತುವಿಗೆ 162 ಪಂದ್ಯಗಳನ್ನು ಆಡುತ್ತದೆ. ಪಂದ್ಯವೊಂದಕ್ಕೆ ಒಂಬತ್ತು ಇನಿಂಗ್ಸ್. ಪಂದ್ಯವನ್ನು ಆರಂಭಿಸುವ ಹೊಣೆ ಐವರು ಸ್ಟಾರ್ಟರ್‌ಗಳ ಸರದಿಯ ಮೇಲೆ ನಿಂತಿದ್ದು, ಒಬ್ಬನಿಗೆ ಸಾಮಾನ್ಯವಾಗಿ 32 ಅಥವಾ 33 ಪಂದ್ಯಗಳು ಸಿಗುತ್ತವೆ. ಅವನ ಸಾಧನೆಯನ್ನು ಅಳೆಯಲು ಬಳಸುವ ಪರಿಚಿತ ಮಾನ ಇಆರ್‌ಎ, ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ಓಟಗಳನ್ನು ಬಿಟ್ಟು, ಪ್ರತಿ ಒಂಬತ್ತು ಇನಿಂಗ್ಸ್‌ಗೆ ಆತ ಬಿಟ್ಟುಕೊಟ್ಟ ಓಟಗಳ ಸಂಖ್ಯೆ. ಅದು ಕಡಿಮೆಯಾದಷ್ಟೂ ಒಳ್ಳೆಯದು.

ಇಲ್ಲಿ ಸಾಮಾನ್ಯ ಓದುಗ ಮಾಡುವ ಹೋಲಿಕೆಯೂ ತಂಡದ ಕಚೇರಿ ಮಾಡುವ ಹೋಲಿಕೆಯೂ ಬೇರೆ ಬೇರೆ. ಅಭಿಮಾನಿ ಸರಾಸರಿ ಪಿಚರ್‌ನನ್ನು ಅತ್ಯುತ್ತಮ ಪಿಚರ್‌ನ ಪಕ್ಕದಲ್ಲಿಟ್ಟು ನೋಡುತ್ತಾನೆ. ಆದರೆ ಸರಾಸರಿಯವನು ಸಿಗದಿದ್ದರೆ ಆ ಜಾಗಕ್ಕೆ ಬರುವವನು ಅತ್ಯುತ್ತಮನಲ್ಲ. ಕೆಳಹಂತದ ಮೈನರ್ ಲೀಗ್‌ನಿಂದ ಕನಿಷ್ಠ ವೇತನಕ್ಕೆ, ಅಂದರೆ 2025ರ ಲೆಕ್ಕದಲ್ಲಿ 7.6 ಲಕ್ಷ ಡಾಲರ್‌ಗೆ, ತುರ್ತಾಗಿ ಕರೆತಂದ ಪಿಚರ್. ಅಂಥವನು ಒಂಬತ್ತು ಇನಿಂಗ್ಸ್‌ಗೆ ಲೀಗ್‌ನ ಸರಾಸರಿಗಿಂತ ಸುಮಾರು ಒಂದು ಓಟ ಹೆಚ್ಚು ಬಿಟ್ಟುಕೊಡುತ್ತಾನೆ ಎಂದು ಇಟ್ಟುಕೊಳ್ಳಿ. ಸರಾಸರಿ ಪಿಚರ್ 180 ಇನಿಂಗ್ಸ್ ಎಸೆದರೆ ಋತುವಿನಲ್ಲಿ 20 ಓಟಗಳು ಉಳಿದಂತಾಯಿತು. ಹತ್ತು ಓಟಗಳ ವ್ಯತ್ಯಾಸ ಸರಿಸುಮಾರು ಒಂದು ಗೆಲುವಿಗೆ ಸಮ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ. ಹಾಗಾದರೆ ಸರಾಸರಿ ಸ್ಟಾರ್ಟರ್ ವರ್ಷಕ್ಕೆ ಎರಡು ಗೆಲುವುಗಳಷ್ಟು ಬೆಲೆಯವನು. ಇತ್ತೀಚಿನ ವರ್ಷಗಳಲ್ಲಿ ಮುಕ್ತ ಮಾರುಕಟ್ಟೆಯಲ್ಲಿ ಒಂದು ಗೆಲುವಿನ ದರವನ್ನು ವಿಶ್ಲೇಷಕರು ಸುಮಾರು 80ರಿಂದ 90 ಲಕ್ಷ ಡಾಲರ್ ಎಂದು ಅಂದಾಜಿಸುತ್ತಾರೆ. ಎರಡು ಗೆಲುವಿಗೆ 1.6ರಿಂದ 1.8 ಕೋಟಿ. 2022ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡ ಟೈವಾನ್ ವಾಕರ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ, ಷಿಕಾಗೊ ಕಬ್ಸ್ ತಂಡ ಜೇಮ್ಸನ್ ಟಾಯನ್‌ಗೆ ಅಷ್ಟೇ ಅವಧಿಗೆ 6.8 ಕೋಟಿ ಕೊಟ್ಟವು. ಮೇಲಿನ ಲೆಕ್ಕಕ್ಕೂ ಈ ಮೊತ್ತಗಳಿಗೂ ಇರುವ ಸಾಮೀಪ್ಯ ಆಕಸ್ಮಿಕವಲ್ಲ. ಎಲ್ಲ ಕಚೇರಿಗಳಲ್ಲೂ ಈಗ ಇದೇ ಬಗೆಯ ಲೆಕ್ಕ ನಡೆಯುತ್ತದೆ.

ಈ ಲೆಕ್ಕದಲ್ಲಿ ಅತ್ಯಂತ ಸೂಕ್ಷ್ಮವಾದ ಅಂಕಿ 180. ಇಆರ್‌ಎ ಅರ್ಧ ಓಟ ಏರಿಳಿದರೆ ಎಲ್ಲರ ಗಮನಕ್ಕೂ ಬರುತ್ತದೆ, ಆದರೆ ಪಿಚರ್ 110 ಇನಿಂಗ್ಸ್‌ಗೇ ನಿಂತುಹೋದರೆ ಆಗುವ ನಷ್ಟವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ, ಏಕೆಂದರೆ ಆ ನಷ್ಟ ಅವನ ಜಾಗಕ್ಕೆ ಬಂದವರ ಹೆಸರಿನಲ್ಲಿ ದಾಖಲಾಗುತ್ತದೆ. 2006ರಲ್ಲಿ 200 ಇನಿಂಗ್ಸ್ ಮುಟ್ಟಿದ ಪಿಚರ್‌ಗಳು ಮೂವತ್ತಕ್ಕೂ ಹೆಚ್ಚು ಮಂದಿ ಇದ್ದರು. 2024ರಲ್ಲಿ ಅಂಥವರು ಕೇವಲ ನಾಲ್ವರು: ಲೋಗನ್ ಗಿಲ್ಬರ್ಟ್, ಸೆತ್ ಲೂಗೊ, ಲೋಗನ್ ವೆಬ್ ಮತ್ತು ಝ್ಯಾಕ್ ವೀಲರ್. ಒಂದೇ ಪಿಚರ್‌ನನ್ನು ಮೂರನೇ ಬಾರಿ ಎದುರಿಸುವ ಬ್ಯಾಟರ್‌ಗಳು ಗಣನೀಯವಾಗಿ ಮೇಲುಗೈ ಸಾಧಿಸುತ್ತಾರೆ ಎಂಬ ತಿಳಿವಳಿಕೆ ಬೇರೂರಿದ ಮೇಲೆ ಮ್ಯಾನೇಜರ್‌ಗಳು ಸ್ಟಾರ್ಟರ್‌ನನ್ನು ಐದನೇ, ಆರನೇ ಇನಿಂಗ್ಸ್‌ನಲ್ಲೇ ಹಿಂದಕ್ಕೆ ಕರೆಯುತ್ತಾರೆ. 2018ರ ಮೇ ತಿಂಗಳಲ್ಲಿ ಟ್ಯಾಂಪಾ ಬೇ ರೇಸ್ ತಂಡ ಸಾಮಾನ್ಯವಾಗಿ ಪಂದ್ಯದ ನಡುವೆ ಎಸೆಯಲು ಬರುವ ರಿಲೀವರ್ ಸರ್ಜಿಯೊ ರೋಮೊನಿಂದ ಪಂದ್ಯ ಆರಂಭಿಸಿ, ಸಾಂಪ್ರದಾಯಿಕ ಸ್ಟಾರ್ಟರ್‌ನ ಅಗತ್ಯವನ್ನೇ ಪ್ರಶ್ನಿಸಿತು. ಇದರಿಂದ ಸರಾಸರಿ ಸ್ಟಾರ್ಟರ್‌ನ ಬೆಲೆ ಕುಸಿಯಬೇಕಿತ್ತು ಎಂದು ಹಲವರು ಭಾವಿಸಿದರು. ಕುಸಿಯಲಿಲ್ಲ. ಬುಲ್‌ಪೆನ್ (ರಿಲೀವರ್‌ಗಳ ಬಳಗ) ಮೇಲೆ ಹೊರೆ ಹೆಚ್ಚಿದಷ್ಟೂ, ಐದು ದಿನಕ್ಕೊಮ್ಮೆ ತಪ್ಪದೆ ಬಂದು ಆರು ಇನಿಂಗ್ಸ್ ಮುಗಿಸುವವನು ಇನ್ನಷ್ಟು ವಿರಳನಾದ.

ಇನ್ನು ನಾನು ಬಹಳ ಸಲ ಮರಳಿ ಅಧ್ಯಯನ ಮಾಡಿರುವ ಒಪ್ಪಂದವೊಂದಕ್ಕೆ ಬರುತ್ತೇನೆ. 2006ರ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡ ಗಿಲ್ ಮೆಷ್ ಎಂಬ 28 ವರ್ಷದ ಪಿಚರ್‌ಗೆ ಐದು ವರ್ಷಕ್ಕೆ 5.5 ಕೋಟಿ ಡಾಲರ್ ಕೊಟ್ಟಿತು. ಸಿಯಾಟಲ್ ಮರಿನರ್ಸ್ ತಂಡದಲ್ಲಿ ಅದುವರೆಗೆ ಅವನ ದಾಖಲೆ 55 ಗೆಲುವು, 44 ಸೋಲು, ಇಆರ್‌ಎ 4.65. ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001 ಮತ್ತು 2002ರಲ್ಲಿ ಮೇಜರ್ ಲೀಗ್‌ನಲ್ಲಿ ಆಡಿಯೇ ಇರಲಿಲ್ಲ. ಲೀಗ್‌ನ ಇಆರ್‌ಎ ಆಗ ಸುಮಾರು 4.5 ಇದ್ದುದರಿಂದ ಅವನು ಅಕ್ಷರಶಃ ಸರಾಸರಿ ಪಿಚರ್. ರಾಯಲ್ಸ್ ಆದರೋ ಸತತ ಮೂರು ಋತುಗಳಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಪಂದ್ಯಗಳನ್ನು ಸೋತಿದ್ದ ತಂಡ. ಆ ಒಪ್ಪಂದವನ್ನು ಪತ್ರಿಕೆಗಳು ಅವಿವೇಕದ ನಿದರ್ಶನವೆಂಬಂತೆ ಚರ್ಚಿಸಿದವು.

ಮುಂದೆ ನಡೆದದ್ದು ಬೇರೆ. 2007ರಲ್ಲಿ ಮೆಷ್ 34 ಪಂದ್ಯಗಳನ್ನು ಆರಂಭಿಸಿ 216 ಇನಿಂಗ್ಸ್ ಎಸೆದ, ಇಆರ್‌ಎ 3.67. ಲೀಗ್‌ನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. 2008ರಲ್ಲಿ ಮತ್ತೆ 34 ಪಂದ್ಯಗಳು, 210 ಇನಿಂಗ್ಸ್, ಇಆರ್‌ಎ 3.98. ವರ್ಷಕ್ಕೆ ಸರಾಸರಿ 1.1 ಕೋಟಿ ಡಾಲರ್‌ನ ಒಪ್ಪಂದ ಆ ಎರಡು ವರ್ಷಗಳಲ್ಲಿ ಅಗ್ಗವೆನಿಸಿತು. 2009ರ ಜೂನ್‌ನಲ್ಲಿ ಅರಿಜೋನಾ ವಿರುದ್ಧ 132 ಎಸೆತಗಳಲ್ಲಿ ಪೂರ್ಣ ಪಂದ್ಯ ಮುಗಿಸಿದ, ಎದುರಾಳಿಗೆ ಒಂದು ಓಟವನ್ನೂ ಕೊಡಲಿಲ್ಲ. ಆ ಬಳಿಕ ಬೆನ್ನು ಮತ್ತು ಭುಜದ ತೊಂದರೆ ಕಾಡಿ ಆ ವರ್ಷ 129 ಇನಿಂಗ್ಸ್‌ಗೆ ನಿಂತ, ಇಆರ್‌ಎ 5.09. 132 ಎಸೆತಗಳೇ ಭುಜವನ್ನು ಕೆಡಿಸಿದವು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ, ಆದರೆ ಹಿಂದೆ ಶಸ್ತ್ರಚಿಕಿತ್ಸೆಯಾದ ಭುಜದಿಂದ ಅಷ್ಟನ್ನು ಬೇಡಬಾರದಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. 2010ರಲ್ಲಿ 62 ಇನಿಂಗ್ಸ್ ಕೂಡ ಪೂರ್ತಿಯಾಗಲಿಲ್ಲ. 2011ರ ಜನವರಿಯಲ್ಲಿ ನಿವೃತ್ತಿ ಘೋಷಿಸಿ, ಕೊನೆಯ ವರ್ಷದ ಸುಮಾರು 1.2 ಕೋಟಿ ಡಾಲರ್‌ಗಳನ್ನು ಬಿಟ್ಟುಕೊಟ್ಟ. ಬೇಸ್‌ಬಾಲ್ ಒಪ್ಪಂದದ ಹಣ ಖಾತರಿಯದು. ಗಾಯಾಳುವಾಗಿ ತಂಡದಲ್ಲೇ ಉಳಿದಿದ್ದರೆ ಅಷ್ಟೂ ಅವನ ಕೈಸೇರುತ್ತಿತ್ತು. ಎಸೆಯಲಾಗದ ಮೇಲೆ ಆ ಹಣಕ್ಕೆ ತಾನು ಅರ್ಹನಲ್ಲ ಎಂದು ಅವನಿಗೆ ಅನ್ನಿಸಿತ್ತು. ಅಂಥ ನಡೆಯನ್ನು ನಾನು ಬಹಳ ಗೌರವಿಸುತ್ತೇನೆ, ಆದರೆ ಬೆಲೆ ಕಟ್ಟುವಾಗ ಯಾವ ತಂಡವೂ ಅದನ್ನು ನಿರೀಕ್ಷಿಸಿ ಸಹಿ ಹಾಕುವಂತಿಲ್ಲ.

ಮೆಷ್ ಸಹಿ ಹಾಕಿದ ಅದೇ ತಿಂಗಳಲ್ಲಿ ಜೆಫ್ ಸುಪ್ಪಾನ್ ಮಿಲ್ವಾಕಿ ಬ್ರೂವರ್ಸ್ ತಂಡಕ್ಕೆ ನಾಲ್ಕು ವರ್ಷಗಳ 4.2 ಕೋಟಿಗೆ ಒಪ್ಪಿದ. ಎರಡು ತಿಂಗಳ ಹಿಂದಷ್ಟೇ ಅವನು ಸೇಂಟ್ ಲೂಯಿಸ್ ಪರ, ಮೇಜರ್ ಲೀಗ್‌ನೊಳಗಿನ ಎರಡು ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಅಂತಿಮ ಸರಣಿಯಲ್ಲಿ 15 ಇನಿಂಗ್ಸ್‌ಗಳಲ್ಲಿ ಒಂದೇ ಓಟ ಬಿಟ್ಟುಕೊಟ್ಟು ಸರಣಿಯ ಶ್ರೇಷ್ಠ ಆಟಗಾರನಾಗಿದ್ದ. ಹದಿನೈದು ಇನಿಂಗ್ಸ್‌ಗಳ ಆ ಹೊಳಪು ನಾಲ್ಕು ವರ್ಷಗಳ ಬೆಲೆಯನ್ನು ಎಷ್ಟು ಏರಿಸಿತೋ ಹೇಳುವುದು ಕಷ್ಟ, ಏರಿಸದೆ ಇರಲಿಲ್ಲ ಎಂದು ಮಾತ್ರ ಖಂಡಿತ ನಂಬುತ್ತೇನೆ. ಅವನ ಇಆರ್‌ಎ ಮುಂದೆ 4.62, 4.96, 5.29 ಎಂದು ಏರುತ್ತಲೇ ಹೋಯಿತು. ನಾಲ್ಕನೇ ವರ್ಷದ ಜೂನ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು.

ಕಾರ್ಲೋಸ್ ಸಿಲ್ವಾನ ಪ್ರಕರಣ ಇನ್ನೂ ಹೆಚ್ಚು ಕಲಿಸುತ್ತದೆ. 2007ರಲ್ಲಿ 88 ಪಂದ್ಯಗಳನ್ನು ಗೆದ್ದೂ, ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್ ತಪ್ಪಿಸಿಕೊಂಡ ಮರಿನರ್ಸ್ ತಂಡ, ಒಬ್ಬ ವಿಶ್ವಾಸಾರ್ಹ ಸ್ಟಾರ್ಟರ್ ಬೇಕೆಂದು ಸಿಲ್ವಾಗೆ ನಾಲ್ಕು ವರ್ಷಕ್ಕೆ 4.8 ಕೋಟಿ ಕೊಟ್ಟಿತು. ಮಿನೆಸೋಟಾದಲ್ಲಿ ಅವನು ಆ ವರ್ಷ 202 ಇನಿಂಗ್ಸ್ ಎಸೆದಿದ್ದ, ಇಆರ್‌ಎ 4.19. ಅಂಕಿಗಳ ಮೇಲ್ಮೈ ಮೆಷ್‌ಗಿಂತ ಚೆನ್ನಾಗಿತ್ತು. ಆದರೆ ಆ 202 ಇನಿಂಗ್ಸ್‌ಗಳಲ್ಲಿ ಸಿಲ್ವಾ ಪಡೆದ ಸ್ಟ್ರೈಕ್‌ಔಟ್‌ಗಳು (ಫೀಲ್ಡರ್‌ಗಳ ನೆರವಿಲ್ಲದೆ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು) 89 ಮಾತ್ರ, ಮೆಷ್ ಒಪ್ಪಂದಕ್ಕೆ ಮುಂಚಿನ ಋತುವಿನಲ್ಲಿ 187 ಇನಿಂಗ್ಸ್‌ಗಳೊಳಗೆ 156 ಪಡೆದಿದ್ದ. ಬ್ಯಾಟಿಗೆ ತಾಗಿದ ಚೆಂಡಿನ ಗತಿ ಬಹುಮಟ್ಟಿಗೆ ಫೀಲ್ಡರ್‌ಗಳ ಮತ್ತು ಅದೃಷ್ಟದ ಕೈಯಲ್ಲಿರುತ್ತದೆ. ಪಿಚರ್‌ನ ಸ್ವಂತ ಹತೋಟಿಯಲ್ಲಿರುವುದು ಸ್ಟ್ರೈಕ್‌ಔಟ್, ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆಯಾಗಿ ಸಿಗುವ ಮೊದಲ ಬೇಸ್) ಮತ್ತು ಹೋಮ್‌ರನ್ (ಮೈದಾನದಾಚೆ ಹೋಗುವ ಹೊಡೆತ). ವಿಶ್ಲೇಷಕ ವೋರೋಸ್ ಮೆಕ್‌ಕ್ರಾಕನ್ 2001ರಲ್ಲಿ ಮುಂದಿಟ್ಟ ಈ ವಿಚಾರ ಅಂದಿಗಾಗಲೇ ಎಲ್ಲರಿಗೂ ಲಭ್ಯವಿತ್ತು. ವೇಗ ಸ್ವಲ್ಪ ಕುಂದಿದರೂ ಸ್ಟ್ರೈಕ್‌ಔಟ್ ಪಡೆಯುವವನಿಗೆ ಒಂದಿಷ್ಟು ಅವಕಾಶ ಉಳಿದಿರುತ್ತದೆ, ಸಿಲ್ವಾನಂಥವನಿಗೆ ಆ ಅವಕಾಶವಿಲ್ಲ. 2008ರಲ್ಲಿ ಅವನು 4 ಗೆದ್ದು 15 ಸೋತ, ಇಆರ್‌ಎ 6.46. ಮರಿನರ್ಸ್ ಆ ವರ್ಷ 101 ಪಂದ್ಯಗಳನ್ನು ಸೋತಿತು. ಒಪ್ಪಂದದ ಕರಡು ನನ್ನ ಮುಂದೆ ಬಂದಾಗ ಇಆರ್‌ಎಗಿಂತ ಮೊದಲು ಸ್ಟ್ರೈಕ್‌ಔಟ್ ಪ್ರಮಾಣವನ್ನೂ, ಕಳೆದ ಮೂರು ಋತುಗಳ ಎಸೆತದ ವೇಗವನ್ನೂ ನೋಡುವುದು ಇದೇ ಕಾರಣಕ್ಕೆ.

ಹಾಗಿದ್ದರೂ ತಂಡಗಳು ನಾಲ್ಕನೇ ವರ್ಷವನ್ನು ಏಕೆ ಕೊಡುತ್ತವೆ? ಪೈಪೋಟಿ ಒಂದು ಕಾರಣ. ಎರಡನೆಯದು ತೆರಿಗೆ. ವೇತನ ವೆಚ್ಚ ನಿಗದಿತ ಮಿತಿಯನ್ನು ದಾಟಿದ ತಂಡ ಲೀಗ್‌ಗೆ ತೆರಿಗೆ ಕಟ್ಟಬೇಕು. 2025ರಲ್ಲಿ ಆ ಮಿತಿ 24.1 ಕೋಟಿ ಡಾಲರ್. ಈ ಲೆಕ್ಕದಲ್ಲಿ ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ ಬಂದ ಸರಾಸರಿಯನ್ನೇ ಪರಿಗಣಿಸಲಾಗುತ್ತದೆ. 5.4 ಕೋಟಿಯನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.8 ಕೋಟಿ, ನಾಲ್ಕಕ್ಕೆ ಹಂಚಿದರೆ 1.35 ಕೋಟಿ. ಶ್ರೀಮಂತ ತಂಡಕ್ಕೆ ನಾಲ್ಕನೇ ವರ್ಷ ಎಷ್ಟೋ ಸಲ ಆಟಗಾರನಿಗಾಗಿ ಅಲ್ಲ, ಈ ಭಾಗಾಕಾರಕ್ಕಾಗಿ. ಅದನ್ನು ತಿಳಿಯದೆ ಮಾಡುವ ಟೀಕೆ ಅನ್ಯಾಯದ್ದು. ಆದರೆ ತೆರಿಗೆಯ ಗಡಿಯಿಂದ ದೂರವಿರುವ ಸಣ್ಣ ತಂಡವೂ ಅದೇ ಅವಧಿಯನ್ನು ಕೊಟ್ಟಾಗ ಅದಕ್ಕೆ ಈ ಸಮರ್ಥನೆ ಇರುವುದಿಲ್ಲ.

ಎರಡು ಗೆಲುವುಗಳ ಬೆಲೆ ಎಲ್ಲ ತಂಡಗಳಿಗೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಮೆಷ್ ಚೆನ್ನಾಗಿ ಎಸೆದ ಎರಡು ವರ್ಷಗಳಲ್ಲಿ ರಾಯಲ್ಸ್ ಗೆದ್ದದ್ದು 69 ಮತ್ತು 75 ಪಂದ್ಯಗಳನ್ನು. ಪ್ರತಿ ಲೀಗ್‌ನಿಂದ ನಾಲ್ಕೇ ತಂಡಗಳು ಮುಂದಿನ ಹಂತಕ್ಕೆ ಹೋಗುತ್ತಿದ್ದ ಆ ದಿನಗಳಲ್ಲಿ, ಅವನು ತಂದುಕೊಟ್ಟ ಗೆಲುವುಗಳು ತಂಡವನ್ನು ಎಲ್ಲಿಗೂ ಒಯ್ಯಲಿಲ್ಲ. ಅದೇ 2008ರಲ್ಲಿ ಬ್ರೂವರ್ಸ್ 90 ಪಂದ್ಯಗಳನ್ನು ಗೆದ್ದು, 89 ಗೆದ್ದ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಒಂದೇ ಗೆಲುವಿನಿಂದ ಹಿಂದಿಕ್ಕಿ 1982ರ ನಂತರ ಮೊದಲ ಬಾರಿ ಪ್ಲೇಆಫ್ ತಲುಪಿತು. 2022ರಿಂದ ಪ್ರತಿ ಲೀಗ್‌ನ ಆರು ತಂಡಗಳಿಗೆ ಪ್ರವೇಶ ಸಿಗುತ್ತಿರುವುದರಿಂದ 85 ಗೆಲುವುಗಳ ಆಸುಪಾಸಿನಲ್ಲೇ ಪೈಪೋಟಿ ನಡೆಯುತ್ತಿದೆ. ಸರಾಸರಿ ಪಿಚರ್‌ನ ಬೆಲೆ ಏರಲು ಇದು ನಿಜವಾದ ಕಾರಣಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. 2023ರಲ್ಲಿ 106 ಪಂದ್ಯಗಳನ್ನು ಸೋತ ರಾಯಲ್ಸ್ ಆ ಚಳಿಗಾಲದಲ್ಲಿ ಸೆತ್ ಲೂಗೊಗೆ ಮೂರು ವರ್ಷಕ್ಕೆ 4.5 ಕೋಟಿ, ಮೈಕೆಲ್ ವಾಕಾಗೆ ಎರಡು ವರ್ಷಕ್ಕೆ 3.2 ಕೋಟಿ ಕೊಟ್ಟಿತು. ಇಬ್ಬರೂ ಮೂವತ್ತು ದಾಟಿದವರು. ಮುಂದಿನ ವರ್ಷ ಲೂಗೊ 206 ಇನಿಂಗ್ಸ್‌ಗೂ ಮೇಲೆ ಎಸೆದು ಇಆರ್‌ಎಯನ್ನು 3.00ಕ್ಕೆ ಇಳಿಸಿದ, ವಾಕಾ 3.35ಕ್ಕೆ. ತಂಡ 86 ಗೆದ್ದು ಪ್ಲೇಆಫ್ ಸೇರಿತು, 85 ಗೆದ್ದ ಮರಿನರ್ಸ್ ಹೊರಗುಳಿಯಿತು. ತಂಡದ ಪ್ರಮುಖ ಬ್ಯಾಟರ್ ಬಾಬಿ ವಿಟ್ ಜೂನಿಯರ್‌ನ ಬ್ಯಾಟಿಲ್ಲದೆ ಇದು ಸಾಧ್ಯವಿರಲಿಲ್ಲ, ನಿಜ. ಆದರೆ ಒಂದು ಗೆಲುವಿನ ಅಂತರವಿದ್ದಾಗ ಆ ಇಬ್ಬರು ಸ್ಟಾರ್ಟರ್‌ಗಳ ಹಣ ವ್ಯರ್ಥವಾಯಿತು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಒಪ್ಪಂದಗಳಲ್ಲಿ ನನಗೆ ಮೊತ್ತಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು ಅವುಗಳ ಅವಧಿ.

ಅಕ್ಟೋಬರ್‌ನ ವಿಷಯವನ್ನೂ ಹೇಳಬೇಕು. ಪ್ಲೇಆಫ್‌ನಲ್ಲಿ ವಿಶ್ರಾಂತಿಯ ದಿನಗಳು ಹೆಚ್ಚಾದ್ದರಿಂದ ತಂಡಗಳು ಮೂವರು, ನಾಲ್ವರು ಸ್ಟಾರ್ಟರ್‌ಗಳಲ್ಲೇ ಮುಗಿಸುತ್ತವೆ. 2023ರ ಋತುವಿನಲ್ಲಿ ಫಿಲೀಸ್‌ಗೆ 15 ಗೆಲುವು ತಂದ ಟೈವಾನ್ ವಾಕರ್, ಆ ವರ್ಷದ ಪ್ಲೇಆಫ್‌ನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ಮರುವರ್ಷ ಇಆರ್‌ಎ 7.10ಕ್ಕೇರಿ ಬುಲ್‌ಪೆನ್‌ಗೆ ಸರಿದ. ಟಾಯನ್ ಮೊದಲ ವರ್ಷ 4.84ರಲ್ಲಿ ನಿರಾಸೆಗೊಳಿಸಿ, ಎರಡನೇ ವರ್ಷ 3.27ಕ್ಕೆ ಇಳಿದ. ಹೆಚ್ಚುಕಡಿಮೆ ಒಂದೇ ಬೆಲೆಗೆ, ಒಂದೇ ತಿಂಗಳಲ್ಲಿ ಕೊಂಡ ಇಬ್ಬರ ನಡುವೆ ಇಷ್ಟು ಅಂತರ ಬರುವುದು ಈ ವರ್ಗದ ಪಿಚರ್‌ಗಳ ಸ್ವಭಾವ. ಅವಧಿ ಉದ್ದವಾದಷ್ಟೂ ಆ ಅನಿಶ್ಚಿತತೆಯನ್ನು ತಂಡವೊಂದೇ ಹೊರಬೇಕಾಗುತ್ತದೆ.

ಆದ್ದರಿಂದ ಸರಾಸರಿ ಸ್ಟಾರ್ಟರ್‌ಗೆ ನಾನು ಸೂಚಿಸುವ ಒಪ್ಪಂದದ ಸ್ವರೂಪ ಹೀಗಿರುತ್ತದೆ: ವಾರ್ಷಿಕ ಮೊತ್ತದಲ್ಲಿ ಜಿಪುಣತನ ಬೇಡ, ಮಾರುಕಟ್ಟೆಯ ದರಕ್ಕಿಂತ ತುಸು ಹೆಚ್ಚೇ ಕೊಟ್ಟು ಎರಡು ವರ್ಷಗಳನ್ನು ಖಾತರಿಪಡಿಸಿ, ಮೂರನೆಯದನ್ನು ಷರತ್ತಿಗೆ ಒಳಪಡಿಸಿ. ಇಆರ್‌ಎ ಅಥವಾ ಗೆಲುವುಗಳ ಸಂಖ್ಯೆಯಂಥ ಸಾಧನೆಯ ಅಂಕಿಗಳಿಗೆ ಬೋನಸ್ ಕಟ್ಟುವುದನ್ನು ಲೀಗ್‌ನ ನಿಯಮಗಳು ನಿಷೇಧಿಸುತ್ತವೆ, ಆದರೆ ಇನಿಂಗ್ಸ್‌ಗಳ ಮತ್ತು ಆರಂಭಿಸಿದ ಪಂದ್ಯಗಳ ಸಂಖ್ಯೆಗೆ ಕಟ್ಟಬಹುದು. ಎರಡು ಋತುಗಳಲ್ಲಿ ಒಟ್ಟು 320 ಇನಿಂಗ್ಸ್ ಪೂರೈಸಿದರೆ ಮೂರನೇ ವರ್ಷ ತಾನಾಗಿ ಖಾತರಿಯಾಗಬೇಕು, ಇಲ್ಲವಾದರೆ ಮುಂದುವರಿಸುವ ಆಯ್ಕೆ ತಂಡಕ್ಕೆ ಉಳಿಯಬೇಕು. ಇದಕ್ಕೆ ಒಪ್ಪದೆ ನಾಲ್ಕು ವರ್ಷ ಬೇಕೇಬೇಕೆನ್ನುವ ಪಿಚರ್‌ನನ್ನು, ಅವನ ಸ್ಟ್ರೈಕ್‌ಔಟ್ ಪ್ರಮಾಣ ಅಸಾಧಾರಣವಾಗಿಲ್ಲದಿದ್ದರೆ, ಬೇರೆ ತಂಡಕ್ಕೆ ಬಿಟ್ಟುಕೊಡಿ ಎಂದೇ ನಾನು ಬರೆಯುತ್ತೇನೆ.