ಶಿಬಿರದಲ್ಲಿರುವ ನಿರಾಶ್ರಿತರಿಗೆ ನೆರವಿನ ಮಾಹಿತಿ ಹೇಗೆ ತಲುಪುತ್ತದೆ?

ಓದುಗರ ಪ್ರಶ್ನೆ: ಪಡಿತರ, ಲಸಿಕೆ, ಚಿಕಿತ್ಸೆ ಮುಂತಾದವು ಎಲ್ಲಿ, ಯಾವಾಗ ಸಿಗುತ್ತವೆ ಎಂಬುದು ನಿರಾಶ್ರಿತರ ಶಿಬಿರಗಳಲ್ಲಿ ಇರುವವರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಬಹಳಷ್ಟು ಮಾಹಿತಿ ಬಾಯಿಮಾತಿನಿಂದಲೇ ಹರಡುತ್ತದೆ. ಸೂಚನಾ ಫಲಕ, ಧ್ವನಿವರ್ಧಕ, ರೇಡಿಯೊ, ಮೊಬೈಲ್ ಸಂದೇಶ, ಸಹಾಯವಾಣಿ ಎಲ್ಲವೂ ಬಳಕೆಯಲ್ಲಿವೆ. ಆದರೆ ಇವುಗಳಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಎಂಬುದು ಅಲ್ಲಿನವರ ಭಾಷೆ, ಓದುಬರಹ ಮತ್ತು ಕೈಯಲ್ಲಿ ಫೋನ್ ಇದೆಯೇ ಎಂಬುದನ್ನು ಅವಲಂಬಿಸಿದೆ. ಜೋರ್ಡಾನಿನ ಜಾತಾರಿ ಶಿಬಿರದಲ್ಲಿರುವ ಸಿರಿಯನ್ನರಿಗೆ ಅರಬ್ಬಿಯಲ್ಲಿ ಬರುವ ಮೊಬೈಲ್ ಸಂದೇಶ ಉಪಯುಕ್ತವಾಗಬಹುದು, ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ಅಷ್ಟೇ ಸಾಲದು.

2017ರ ಆಗಸ್ಟ್‌ನಿಂದ ಮ್ಯಾನ್ಮಾರಿನ ರಖೈನ್ ರಾಜ್ಯವನ್ನು ತೊರೆದು ಕಾಕ್ಸ್ ಬಜಾರಿಗೆ ಬಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳಲ್ಲಿ ಓದುಬರಹ ಬಲ್ಲವರು ಕಡಿಮೆ, ಅವರ ಭಾಷೆಗೆ ಎಲ್ಲರೂ ಓದಬಲ್ಲ ಒಂದು ಲಿಪಿಯೂ ಬಳಕೆಯಲ್ಲಿಲ್ಲ. ಆದ್ದರಿಂದ ಅಲ್ಲಿ ಚಿತ್ರಗಳು, ಧ್ವನಿಮುದ್ರಿತ ಸಂದೇಶಗಳು ಮತ್ತು ಮಾಹಿತಿ ಕೇಂದ್ರಗಳಲ್ಲಿ ಮುಖಾಮುಖಿ ನಡೆಯುವ ಮಾತುಕತೆಗೆ ಹೆಚ್ಚಿನ ಬೆಲೆ. ಸ್ಥಳೀಯ ಕಾರ್ಯಕರ್ತರು ಆಡುವ ಚಿತ್ತಗಾಂಗಿನ ಭಾಷೆ ರೋಹಿಂಗ್ಯಾಗೆ ಹತ್ತಿರದ್ದಾದರೂ ಪದಗಳು ಅಲ್ಲಲ್ಲಿ ಬೇರೆಯಾಗುವುದರಿಂದ, ವಿಶೇಷವಾಗಿ ಆರೋಗ್ಯದ ವಿಷಯದಲ್ಲಿ, ಹೇಳಿದ್ದು ಒಂದು, ಕೇಳಿಸಿಕೊಂಡದ್ದು ಇನ್ನೊಂದು ಆಗುವ ಅಪಾಯವಿದೆ. ಚಂಡಮಾರುತದ ಎಚ್ಚರಿಕೆಯನ್ನು ಸ್ವಯಂಸೇವಕರು ಬಾವುಟ ಏರಿಸಿ, ಮೆಗಾಫೋನಿನಲ್ಲಿ ಕೂಗಿ ತಿಳಿಸುತ್ತಾರೆ. ಬಾವುಟಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಹೆಚ್ಚೆಂದು ಅರ್ಥ.

ದಿನನಿತ್ಯದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಹೊಣೆ ಬಹುಮಟ್ಟಿಗೆ 'ಮಾಝಿ' ಎಂದು ಕರೆಯುವ, ಶಿಬಿರದ ಒಂದೊಂದು ಭಾಗಕ್ಕೆ (ಬ್ಲಾಕ್) ಇರುವ ಮುಖಂಡರದು. ನನಗೆ ಕಳವಳ ತರುವುದು ಇದೇ ವ್ಯವಸ್ಥೆ. ಮಾಝಿಗಳಲ್ಲಿ ಹೆಚ್ಚಿನವರು ಗಂಡಸರು. ಪರದಾ ಪದ್ಧತಿಯ ಕಾರಣಕ್ಕೆ ಹೊರಗೆ ಬರಲಾಗದ ಹೆಂಗಸರಿಗೆ, ಅದರಲ್ಲೂ ಗಂಡನನ್ನು ಕಳೆದುಕೊಂಡು ಮಕ್ಕಳೊಂದಿಗೆ ಒಂಟಿಯಾಗಿರುವವರಿಗೆ, ಮಾಝಿಗಳ ಮೂಲಕ ಹೋದ ಸುದ್ದಿ ತಡವಾಗಿಯಾದರೂ ಮುಟ್ಟೀತೆಂಬ ಖಾತರಿಯಿಲ್ಲ. ಹೆರಿಗೆ ಸೇವೆ ಅಥವಾ ಲೈಂಗಿಕ ದೌರ್ಜನ್ಯದ ದೂರಿನಂತಹ ವಿಷಯಗಳನ್ನು ಹೆಂಗಸರು ಗಂಡಸರ ಬಳಿ ಕೇಳುವುದೂ ಕಷ್ಟ. ಹೀಗಾಗಿ, ಗುಡಿಸಲಿಂದ ಗುಡಿಸಲಿಗೆ ಹೋಗಿ ಕುಳಿತು ಮಾತನಾಡುವ ರೋಹಿಂಗ್ಯಾ ಸ್ವಯಂಸೇವಕಿಯರ ಕೆಲಸಕ್ಕೆ ಬೇರಾವ ಮಾಧ್ಯಮವೂ ಸಮನಲ್ಲ.

ಇಂಟರ್ನೆಟ್ಟನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ: 2019ರ ಸೆಪ್ಟೆಂಬರಿನಿಂದ 2020ರ ಆಗಸ್ಟ್‌ವರೆಗೆ, ಅಂದರೆ ಕೋವಿಡ್‌ನ ಮೊದಲ ತಿಂಗಳುಗಳಲ್ಲಿಯೂ, ಈ ಶಿಬಿರಗಳಲ್ಲಿ ವೇಗದ ಮೊಬೈಲ್ ಇಂಟರ್ನೆಟ್ ನಿರ್ಬಂಧಿತವಾಗಿತ್ತು.

ಮಾಹಿತಿ ಮೇಲಿನಿಂದ ಕೆಳಗೆ ಮಾತ್ರ ಹರಿದರೂ ಸಾಲದು. 2023ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಹಣದ ಕೊರತೆಯಿಂದ ಇಲ್ಲಿನ ಪಡಿತರದ ಮೌಲ್ಯವನ್ನು ತಲಾ ತಿಂಗಳಿಗೆ 12 ಡಾಲರಿನಿಂದ ಮಾರ್ಚಿನಲ್ಲಿ 10ಕ್ಕೆ, ಜೂನಿನಲ್ಲಿ 8ಕ್ಕೆ ಇಳಿಸಿತು. ಇಂತಹ ಸುದ್ದಿ ಕೇಳಿದ ತಾಯಿಗೆ "ಏಕೆ? ಎಷ್ಟು ದಿನ? ನನ್ನ ಕಾರ್ಡಿನಲ್ಲಿ ಮಗುವಿನ ಹೆಸರೇ ಇಲ್ಲವಲ್ಲ?" ಎಂದು ಕೇಳಲು ಒಂದು ಮೇಜು, ಒಂದು ದೂರವಾಣಿ ಸಂಖ್ಯೆ, ಉತ್ತರಿಸುವ ಒಬ್ಬ ಮನುಷ್ಯ ಬೇಕು. ಅದಿಲ್ಲದ ಕಡೆ ದಲ್ಲಾಳಿಗಳು ಹುಟ್ಟಿಕೊಂಡು, ಉಚಿತವಾಗಿ ಸಿಗಬೇಕಾದ ಸೇವೆಗೂ ಹಣ ಕೀಳುತ್ತಾರೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು ತನ್ನ ನೋಂದಣಿ ಮತ್ತು ನೆರವಿಗೆ ಯಾವ ಶುಲ್ಕವೂ ಇಲ್ಲವೆಂದು ಮತ್ತೆ ಮತ್ತೆ ಸಾರುವುದು ಈ ಕಾರಣಕ್ಕೆ.